ಪ್ರಾಣ ಕಾಯುವ ಕೆಂಪು ದಾರ

ಎತ್ತಿಗೆ ಮೂಗುದಾರ, ಕುದುರೆಗೆ ಕಡಿವಾಣ, ಆನೆಗೆ ಅಂಕುಶ. ತನಗಿಂತ ಬಲವುಳ್ಳ ಪ್ರಾಣಿಯನ್ನು ಪಳಗಿಸಿದಾಗಲೆಲ್ಲ ಮನುಷ್ಯನು ಅದನ್ನು ತಡೆದು ನಿಲ್ಲಿಸುವ ಉಪಾಯವನ್ನೂ ಜತೆಯಲ್ಲಿಯೇ ಕಂಡುಕೊಂಡನು. ಮುಂದೆ ಪ್ರಾಣಿಗಳನ್ನು ಬಿಟ್ಟು ಯಂತ್ರಗಳ ಮೇಲೆ ಸವಾರಿ ಮಾಡತೊಡಗಿದಾಗ ಬ್ರೇಕು ಬಂತು, ಸ್ವಿಚ್ಚು ಬಂತು. ಆದರೆ ಇವೆಲ್ಲವೂ ಕೆಲಸ ಮಾಡುವುದು ಸವಾರನು ತನ್ನ ಜಾಗದಲ್ಲಿ ಕುಳಿತಿರುವವರೆಗೆ ಮಾತ್ರ. ಸವಾರನೇ ಕೆಳಗೆ ಬಿದ್ದುಹೋದರೆ ಯಂತ್ರವನ್ನು ನಿಲ್ಲಿಸುವವರು ಯಾರು? ಈ ಪ್ರಶ್ನೆಗೆ ಒಂದು ಗೇಣು ದಾರದಲ್ಲಿ ಉತ್ತರವಿದೆ. ಅದನ್ನು ನನಗೆ ಕಲಿಸಿದವನು ನನ್ನ ವಿದ್ಯಾರ್ಥಿ ಎಂಬುದನ್ನು ಮೊದಲೇ ಒಪ್ಪಿಕೊಂಡು ಬರೆಯುತ್ತಿದ್ದೇನೆ.

ಮಳೆಗಾಲದ ಒಂದು ಮಧ್ಯಾಹ್ನ. ಎಂಟನೆಯ ತರಗತಿಯಲ್ಲಿ ಪಾಠದ ನಡುವೆ ಹಿಮಾಲಯದ ವಿಷಯ ಬಂತು. ಉಪ್ಪಳದ ಮಕ್ಕಳಿಗೆ ಮಳೆಯನ್ನು ವರ್ಣಿಸಬೇಕಾಗಿಲ್ಲ. ಹಿಮವನ್ನು ಮಾತ್ರ ವರ್ಣಿಸಿದರೂ ಸಾಲದು. ಆದುದರಿಂದ ಕಾಶ್ಮೀರದ ಗುಲ್ಮಾರ್ಗದ ಕೆಲವು ಚಿತ್ರಗಳನ್ನು ತೋರಿಸಿದೆ. ಅದರಲ್ಲಿ ಒಬ್ಬನು ಹಿಮದ ಸ್ಕೂಟರಿನ ಮೇಲೆ ಕುಳಿತಿದ್ದನು. ಮುಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದುನಿಂತು, “ಸರ್, ಆ ಗಾಡಿಯಿಂದ ಒಂದು ದಾರ ಬಂದು ಅವನ ಕೋಟಿಗೆ ಸಿಕ್ಕಿಕೊಂಡಿದೆ. ಬೀಳದ ಹಾಗೆ ಕಟ್ಟಿಕೊಂಡದ್ದೇ?” ಎಂದು ಕೇಳಿದಳು. ನನಗೆ ತಿಳಿದಿರಲಿಲ್ಲ. “ಹಾಗಿರಬೇಕು” ಎಂದೆ. ಆಗ ಹಿಂದಿನ ಬೆಂಚಿನಿಂದ, ಎಂದೂ ತಾನಾಗಿ ಮಾತನಾಡದ ಹುಡುಗನೊಬ್ಬನು, “ಅಲ್ಲ ಸರ್. ಅದು ಬೀಳದಿರಲಿಕ್ಕೆ ಅಲ್ಲ. ಬಿದ್ದರೆ ಇಂಜಿನು ನಿಲ್ಲಲಿಕ್ಕೆ. ನಮ್ಮ ದೋಣಿಯಲ್ಲಿಯೂ ಉಂಟು” ಎಂದನು.

ಹುಡುಗನ ತಂದೆ ಕಡಲಿಗೆ ಹೋಗುವವರು. “ಹಾಗಾದರೆ ನಿನ್ನ ತಂದೆ ಅದನ್ನು ಕಟ್ಟಿಕೊಳ್ಳುತ್ತಾರೆಯೇ?” ಎಂದು ಕೇಳಿದೆ.

“ಇಲ್ಲ ಸರ್. ಅದನ್ನು ಇಂಜಿನಿಗೇ ಸುತ್ತಿ ಇಟ್ಟದ್ದು.”

ತರಗತಿಯೆಲ್ಲ ನಕ್ಕಿತು. ನಾನೂ ನಕ್ಕೆ. ಆದರೆ ಅಂದು ಸಂಜೆ ಮನೆಗೆ ಹೋಗುವಾಗ ಆ ಮಾತು ನನ್ನೊಂದಿಗೇ ಬಂತು. ಮನುಷ್ಯನಿಗೆ ಕಟ್ಟಬೇಕಾದ ದಾರವನ್ನು ಇಂಜಿನಿಗೇ ಸುತ್ತಿಟ್ಟರೆ ಅದರಿಂದ ಪ್ರಯೋಜನವೇನು?

ಹಿಮದ ಸ್ಕೂಟರು

ಮೊದಲು ಆ ಹುಡುಗಿಯ ಪ್ರಶ್ನೆಗೆ ಉತ್ತರ ಹೇಳೋಣ. ಹಿಮದ ಸ್ಕೂಟರಿಗೆ ಚಕ್ರಗಳಿಲ್ಲ. ಮುಂದೆ ಎರಡು ಜಾರುಹಲಗೆಗಳು, ಹಿಂದೆ ತಿರುಗುವ ರಬ್ಬರಿನ ಅಗಲ ಪಟ್ಟಿ. ಪಟ್ಟಿಯು ಹಿಮವನ್ನು ಹಿಂದಕ್ಕೆ ಒತ್ತುತ್ತದೆ, ಗಾಡಿ ಮುಂದಕ್ಕೆ ಜಾರುತ್ತದೆ. ಕೆನಡಾ ದೇಶದ ಕ್ವಿಬೆಕ್ ಪ್ರಾಂತದ ಜೋಸೆಫ್ ಅರ್ಮಾಂಡ್ ಬೊಂಬಾರ್ಡಿಯೆ ಎಂಬವರು ಇಂತಹ ಗಾಡಿಗಳನ್ನು ನಿರ್ಮಿಸಿದವರಲ್ಲಿ ಪ್ರಮುಖರು. 1934ರ ಚಳಿಗಾಲದಲ್ಲಿ ಅವರ ಎರಡು ವರ್ಷದ ಮಗು ಕಾಯಿಲೆ ಬಿದ್ದಿತು. ದಾರಿಯೆಲ್ಲ ಹಿಮದಿಂದ ಮುಚ್ಚಿದ್ದರಿಂದ ಆಸ್ಪತ್ರೆಗೆ ಒಯ್ಯಲಾಗದೆ ಮಗು ತೀರಿಕೊಂಡಿತು. ಹಿಮದ ಮೇಲೆ ಓಡುವ ವಾಹನಕ್ಕಾಗಿ ಅದಾಗಲೇ ಶ್ರಮಿಸುತ್ತಿದ್ದ ಆ ತಂದೆ ಮುಂದೆ ಹಲವರು ಕುಳಿತು ಹೋಗುವ ಹಿಮದ ಬಸ್ಸುಗಳನ್ನು ಮಾಡಿದರು; 1959ರಲ್ಲಿ ಒಬ್ಬಿಬ್ಬರು ಸವಾರಿ ಮಾಡುವ ‘ಸ್ಕಿ-ಡೂ’ ಎಂಬ ಹಗುರವಾದ ಗಾಡಿಯನ್ನು ಮಾರುಕಟ್ಟೆಗೆ ತಂದರು. ಇಂದು ನಮ್ಮ ದೇಶದಲ್ಲಿಯೂ ಗುಲ್ಮಾರ್ಗದ ಪ್ರವಾಸಿಗಳು ಇದರ ಮೇಲೆ ಸವಾರಿ ಮಾಡುತ್ತಾರೆ. ಸಿಯಾಚಿನ್ ಹಿಮನದಿಯಲ್ಲಿ ನಮ್ಮ ಸೈನಿಕರೂ ಇದನ್ನು ಬಳಸುತ್ತಾರೆ.

ಈ ಗಾಡಿಯ ವೇಗವನ್ನು ಸವಾರನು ಬಲಗೈಯ ಹೆಬ್ಬೆರಳಿನಿಂದ ಒಂದು ಸಣ್ಣ ಸನ್ನೆಯನ್ನು ಒತ್ತಿ ಹೆಚ್ಚಿಸುತ್ತಾನೆ. ಬೆರಳು ತೆಗೆದರೆ ಸ್ಪ್ರಿಂಗು ಅದನ್ನು ಹಿಂದಕ್ಕೆ ತರುತ್ತದೆ, ವೇಗ ಇಳಿಯುತ್ತದೆ. ಇದು ನಿಯಮ. ಆದರೆ ಕೊರೆಯುವ ಚಳಿಯಲ್ಲಿ ನೀರಿನ ಹನಿ ಹೊಕ್ಕು ಗಡ್ಡೆ ಕಟ್ಟಿದರೆ ತಂತಿ ಸಿಕ್ಕಿಕೊಳ್ಳುತ್ತದೆ. ಬೆರಳು ತೆಗೆದರೂ ಗಾಡಿ ಓಡುತ್ತಲೇ ಇರುತ್ತದೆ. ದಪ್ಪ ಕೈಚೀಲ ತೊಟ್ಟ ಕೈಗೆ ನಿಲುಗಡೆಯ ಗುಂಡಿ ಬೇಗನೆ ಸಿಗುವುದಿಲ್ಲ. ಸವಾರನು ಉರುಳಿ ಬಿದ್ದರಂತೂ ಗುಂಡಿ ಗಾಡಿಯೊಂದಿಗೆ ಹೋಗಿಬಿಡುತ್ತದೆ. ಮುಂದೆ ಜನರಿರಬಹುದು, ಪ್ರಪಾತವಿರಬಹುದು. ಆದುದರಿಂದ ಗಾಡಿಯ ಒಂದು ಸ್ವಿಚ್ಚಿಗೂ ಸವಾರನ ಉಡುಪಿಗೂ ನಡುವೆ ಒಂದು ದಾರವನ್ನು ಕಟ್ಟುತ್ತಾರೆ. ಸವಾರನು ಬಿದ್ದೊಡನೆ ದಾರ ಸೆಳೆಯುತ್ತದೆ, ತುದಿಯ ಮುಚ್ಚಳ ಕಳಚುತ್ತದೆ, ಇಂಜಿನು ನಿಲ್ಲುತ್ತದೆ. ಹಿಮದ ಸ್ಕೂಟರುಗಳ ಪಂದ್ಯಗಳಲ್ಲಿ ಈ ದಾರವನ್ನು ಕಟ್ಟಿಕೊಳ್ಳದವನಿಗೆ ಪ್ರವೇಶವಿಲ್ಲ.

ಎತ್ತಿಗೆ ತಿಳಿಯುತ್ತದೆ, ಇಂಜಿನಿಗೆ ತಿಳಿಯುವುದಿಲ್ಲ

ಗದ್ದೆ ಉಳುವಾಗ ಹಿಂದಿನಿಂದ ಯಜಮಾನನು ಎಡವಿ ಬಿದ್ದರೆ ಎತ್ತುಗಳು ಎರಡು ಹೆಜ್ಜೆ ಹೋಗಿ ನಿಲ್ಲುತ್ತವೆ. ನೇಗಿಲ ಮೇಲಿನ ಭಾರ ತಪ್ಪಿದ್ದು ಅವುಗಳಿಗೆ ತಿಳಿಯುತ್ತದೆ. ನಮ್ಮ ಪೈವಳಿಕೆಯ ಕಂಬಳ ನೋಡಿದವರಿಗೆ ಇನ್ನೊಂದು ದೃಶ್ಯ ನೆನಪಿರಬಹುದು. ಓಡಿಸುವವನು ಕೆಸರಿನಲ್ಲಿ ಮುಗ್ಗರಿಸಿ ಬಿದ್ದರೂ ಉಮೇದಿನಲ್ಲಿರುವ ಕೋಣಗಳು ಕರೆಯ ತುದಿಯವರೆಗೂ ಓಡುತ್ತವೆ. ಆದರೆ ಅಲ್ಲಿ ಅವುಗಳನ್ನು ಹಿಡಿಯಲು ಜನ ನಿಂತಿರುತ್ತಾರೆ. ಕೋಣವೂ ಕೊನೆಗೆ ದಣಿಯುತ್ತದೆ. ಇಂಜಿನು ದಣಿಯುವುದಿಲ್ಲ. ತನ್ನ ಯಜಮಾನನು ಬೆನ್ನ ಹಿಂದೆ ಇದ್ದಾನೆಯೇ ಇಲ್ಲವೇ ಎಂದು ತಿರುಗಿ ನೋಡುವುದಿಲ್ಲ. ಎಣ್ಣೆ ಮುಗಿಯುವವರೆಗೂ ಅದು ಓಡುತ್ತದೆ. “ನಾನು ಇಲ್ಲಿಲ್ಲ, ನೀನು ನಿಲ್ಲು” ಎಂದು ಅದಕ್ಕೆ ತಿಳಿಸುವ ಒಂದು ದೂತ ಬೇಕು. ಆ ದೂತನೇ ಈ ದಾರ.

ನಮ್ಮ ಕಡಲಿನಲ್ಲಿ

ಈಗ ಹಿಮವನ್ನು ಬಿಟ್ಟು ನಮ್ಮ ಮುಸೋಡಿಯ ಕಡಲ ಕರೆಗೆ ಬರೋಣ. ಈ ಕರೆಯಲ್ಲಿ ಮೊದಲು ಹುಟ್ಟು ಮತ್ತು ಹಾಯಿಗಳಿಂದಲೇ ದೋಣಿ ನಡೆಯುತ್ತಿತ್ತು. 1953ರಲ್ಲಿ ಕೊಲ್ಲದ ಬಳಿಯ ನೀಂಡಕರದಲ್ಲಿ ನಾರ್ವೆ ದೇಶದ ನೆರವಿನಿಂದ ಆರಂಭವಾದ ಯೋಜನೆಯು ಕೇರಳದ ಮೀನುಗಾರಿಕೆಗೆ ಇಂಜಿನಿನ ಬೋಟುಗಳನ್ನು ತಂದಿತು. ಬಳಿಕ 1980ರ ದಶಕದಲ್ಲಿ ಸಣ್ಣ ದೋಣಿಗಳ ಹಿಂಬದಿಗೆ ಸಿಕ್ಕಿಸುವ ಔಟ್‌ಬೋರ್ಡ್ ಇಂಜಿನುಗಳು ಕರಾವಳಿಯಲ್ಲೆಲ್ಲ ಹಬ್ಬಿದವು. ಇಂತಹ ಇಂಜಿನನ್ನು 1909ರಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ತಂದ ಓಲೆ ಎವಿನ್‌ರೂಡ್ ಕೂಡ ನಾರ್ವೆಯಲ್ಲಿಯೇ ಹುಟ್ಟಿದವರು. ಸರೋವರದ ಆಚೆ ದಡದಿಂದ ಐಸ್‌ಕ್ರೀಮು ತರಲು ಹುಟ್ಟು ಹಾಕಿ ಹಾಕಿ ಬಳಲಿದಾಗ ಅವರಿಗೆ ಈ ಯೋಚನೆ ಹೊಳೆಯಿತೆಂದು ಹೇಳುತ್ತಾರೆ.

ಈ ಇಂಜಿನು ದೋಣಿಯ ಹಿಂದಿನ ಹಲಗೆಗೆ ಹೊರಗಿನಿಂದ ಸಿಕ್ಕಿಕೊಂಡಿರುತ್ತದೆ. ಇಂಜಿನು ಹಿಡಿದವನು ಹಿಡಿಕೆಯನ್ನು ಹಿಡಿದು ದೋಣಿಯ ಅಂಚಿನಲ್ಲಿ ಕುಳಿತಿರುತ್ತಾನೆ, ಅಥವಾ ದೂರ ನೋಡುವುದಕ್ಕಾಗಿ ನಿಂತಿರುತ್ತಾನೆ. ಹಿಡಿಕೆಯೇ ಅವನಿಗೆ ಚುಕ್ಕಾಣಿ. ಅದನ್ನು ತಿರುಚಿದರೆ ವೇಗ. ದೋಣಿಯಲ್ಲಿ ಅತ್ಯಂತ ಸುಲಭವಾಗಿ ಬೀಳುವವನು ಅವನೇ. ಒಂದು ಅಡ್ಡ ತೆರೆ ಬಡಿದರೆ, ತೇಲುವ ಮರದ ತುಂಡಿಗೆ ತಾಗಿದರೆ, ಅಥವಾ ದೋಣಿ ಒಮ್ಮೆಲೇ ತಿರುಗಿದರೆ ಸಾಕು. ವಿಜ್ಞಾನದ ತರಗತಿಯಲ್ಲಿ ನೀವು ಓದಿದ ನ್ಯೂಟನನ ಮೊದಲನೆಯ ನಿಯಮ ಇಲ್ಲಿ ಕಾಣಿಸಿಕೊಳ್ಳುತ್ತದೆ. ದೋಣಿ ತಿರುಗುತ್ತದೆ, ಆದರೆ ಅದರಲ್ಲಿರುವವನ ದೇಹವು ತಾನು ಹೋಗುತ್ತಿದ್ದ ದಿಕ್ಕಿನಲ್ಲಿಯೇ ಹೋಗಬಯಸುತ್ತದೆ. ಬಸ್ಸು ತಿರುಗಿದಾಗ ನಾವು ಪಕ್ಕದವರ ಮೇಲೆ ಬೀಳುತ್ತೇವೆ. ದೋಣಿಯಲ್ಲಿ ಪಕ್ಕದಲ್ಲಿರುವುದು ಕಡಲು.

“ಬಿದ್ದರೇನಾಯಿತು? ನಮ್ಮವರಿಗೆ ಈಜು ಬರುತ್ತದೆ” ಎಂದು ಯಾರಾದರೂ ಹೇಳಬಹುದು. ಅಪಾಯವಿರುವುದು ನೀರಿನಲ್ಲಿ ಮಾತ್ರವಲ್ಲ. ಹಿಡಿಕೆಯಿಂದ ಕೈ ತಪ್ಪಿದೊಡನೆ ನೀರಿನೊಳಗೆ ತಿರುಗುವ ಪ್ರೊಪೆಲ್ಲರಿನ, ಅಂದರೆ ನಮ್ಮ ಕಡಲವರು ಫ್ಯಾನು ಎನ್ನುವುದರ, ಎಳೆತದಿಂದ ಇಂಜಿನು ತಾನಾಗಿ ಒಂದು ಬದಿಗೆ ಹೊರಳುತ್ತದೆ. ಆಗ ದೋಣಿ ನೇರವಾಗಿ ಹೋಗುವುದಿಲ್ಲ, ವೃತ್ತಾಕಾರವಾಗಿ ಸುತ್ತತೊಡಗುತ್ತದೆ. ಸುತ್ತುವ ದೋಣಿ ಎಲ್ಲಿಗೆ ಬರುತ್ತದೆ? ಹೊರಟಲ್ಲಿಗೇ, ಬಿದ್ದವನ ಮೇಲೆಯೇ!

ಒಂದು ಸಣ್ಣ ಲೆಕ್ಕ ಮಾಡೋಣ. ದೋಣಿಯ ವೇಗ ಗಂಟೆಗೆ 18 ಕಿಲೋಮೀಟರು, ಅಂದರೆ ಸೆಕೆಂಡಿಗೆ 5 ಮೀಟರು ಎಂದಿರಲಿ. ಅದು 8 ಮೀಟರು ತ್ರಿಜ್ಯದ ವೃತ್ತದಲ್ಲಿ ಸುತ್ತಿದರೆ ಪರಿಧಿಯು ಸುಮಾರು 50 ಮೀಟರು. ಹತ್ತು ಸೆಕೆಂಡಿನಲ್ಲಿ ದೋಣಿ ಮರಳಿ ಬಂದಿತು. ಮುಳುಗಿ ಎದ್ದು, ಮೂಗಿನ ನೀರು ಕೊಡವಿ, ಕಣ್ಣು ಬಿಡುವುದಕ್ಕೇ ಅಷ್ಟು ಹೊತ್ತು ಬೇಕು. ಇನ್ನು ಫ್ಯಾನಿನ ಲೆಕ್ಕ. ಇಂಜಿನು ನಿಮಿಷಕ್ಕೆ 4800 ಸುತ್ತು ತಿರುಗುತ್ತಿದೆ, ಹಲ್ಲುಚಕ್ರಗಳು ಅದನ್ನು ಅರ್ಧಕ್ಕೆ ಇಳಿಸುತ್ತವೆ ಎಂದಿಟ್ಟುಕೊಳ್ಳಿ. ಫ್ಯಾನು ನಿಮಿಷಕ್ಕೆ 2400 ಸುತ್ತು, ಸೆಕೆಂಡಿಗೆ 40 ಸುತ್ತು ತಿರುಗುತ್ತದೆ. ಅದಕ್ಕೆ ಮೂರು ಎಲೆಗಳು. ಒಂದು ಸೆಕೆಂಡಿಗೆ 120 ಏಟು. ಇದಕ್ಕಿಂತ ಹೆಚ್ಚು ವಿವರಿಸುವ ಅಗತ್ಯವಿಲ್ಲ.

ದಾರ ಕೆಲಸ ಮಾಡುವ ಬಗೆ

ಪೆಟ್ರೋಲು ಅಥವಾ ಸೀಮೆಎಣ್ಣೆಯ ಔಟ್‌ಬೋರ್ಡ್ ಇಂಜಿನು ನಡೆಯುವುದು ವಿದ್ಯುತ್ತಿನ ಕಿಡಿಯಿಂದ. ಇಂಜಿನಿನ ತಲೆಯಲ್ಲಿರುವ ಭಾರವಾದ ಗಾಲಿಗೆ ಅಯಸ್ಕಾಂತಗಳಿವೆ. ಗಾಲಿ ತಿರುಗಿದಾಗ ಹತ್ತಿರದ ತಂತಿಸುರುಳಿಯಲ್ಲಿ ವಿದ್ಯುತ್ತು ಹುಟ್ಟುತ್ತದೆ. ಅದು ಸ್ಪಾರ್ಕ್ ಪ್ಲಗ್ಗಿಗೆ ಹೋಗಿ ಕಿಡಿ ಹಾರಿಸುತ್ತದೆ. ಕಿಡಿ ನಿಂತರೆ ಇಂಜಿನು ನಿಂತಿತು.

ನಮ್ಮ ಅಡಿಕೆ ತೋಟಗಳಲ್ಲಿ ತೋಡಿಗೆ ಕಟ್ಟ ಕಟ್ಟಿ ನೀರನ್ನು ತೋಟದ ಕಣಿಗೆ ತಿರುಗಿಸುತ್ತಾರೆ. ಕಟ್ಟವನ್ನು ಒಂದು ಕಡೆ ಬಿಡಿಸಿದರೆ ನೀರೆಲ್ಲ ತೋಡಿನಲ್ಲಿಯೇ ಇಳಿದು ಹೋಗುತ್ತದೆ, ತೋಟಕ್ಕೆ ಬರುವುದಿಲ್ಲ. ಇಂಜಿನಿನ ನಿಲುಗಡೆಯ ಸ್ವಿಚ್ಚೂ ಹಾಗೆಯೇ. ಸ್ವಿಚ್ಚು ಕೂಡಿಕೊಂಡಾಗ ವಿದ್ಯುತ್ತು ಪ್ಲಗ್ಗಿಗೆ ಹೋಗುವ ಬದಲು ಇಂಜಿನಿನ ಮೈಗೆ ಹರಿದು ಹೋಗುತ್ತದೆ. ಕಿಡಿ ಹಾರುವುದಿಲ್ಲ.

ಸ್ವಿಚ್ಚಿನ ಗುಂಡಿಯ ಹಿಂದೆ ಒಂದು ಸ್ಪ್ರಿಂಗು ಇದೆ. ಅದು ಗುಂಡಿಯನ್ನು ಒಳಕ್ಕೆ ಎಳೆಯಲು ಸದಾ ಹವಣಿಸುತ್ತದೆ. ಕವೆಕೋಲಿನ ಆಕಾರದ ಒಂದು ಪ್ಲಾಸ್ಟಿಕ್ಕಿನ ಕ್ಲಿಪ್ಪನ್ನು ಗುಂಡಿಯ ಕುತ್ತಿಗೆಗೆ ಸಿಕ್ಕಿಸಿದರೆ ಅದು ಒಳಕ್ಕೆ ಹೋಗಲಾರದು. ಕ್ಲಿಪ್ಪಿಗೆ ಪೋಣಿಸಿದ್ದೇ ಆ ಕೆಂಪು ದಾರ. ಅದು ಹಳೆಯ ಟೆಲಿಫೋನಿನ ತಂತಿಯಂತೆ ಸುರುಳಿ ಸುತ್ತಿಕೊಂಡಿರುತ್ತದೆ; ಸ್ವಲ್ಪ ಅತ್ತಿತ್ತ ಸರಿದರೆ ಹಿಗ್ಗುತ್ತದೆ, ಪೂರ್ತಿ ಬಿದ್ದರೆ ಮಾತ್ರ ಕ್ಲಿಪ್ಪನ್ನು ಕೀಳುತ್ತದೆ. ಕ್ಲಿಪ್ಪು ಕಿತ್ತೊಡನೆ ಗುಂಡಿ ಒಳಕ್ಕೆ ಹೋಗುತ್ತದೆ, ಇಂಜಿನು ನಿಲ್ಲುತ್ತದೆ. ದೋಣಿ ಅದೇ ಓಟದಲ್ಲಿ ಸ್ವಲ್ಪ ದೂರ ತೇಲಿ ಹೋದರೂ ಫ್ಯಾನಿಗೆ ಇಂಜಿನಿನ ಬಲ ಉಳಿಯುವುದಿಲ್ಲ. ಎಷ್ಟು ಸರಳವಾದ ಉಪಾಯ ನೋಡಿ!

ಇದನ್ನು ಇಂಗ್ಲಿಷಿನಲ್ಲಿ ‘ಕಿಲ್ ಸ್ವಿಚ್’ ಎನ್ನುತ್ತಾರೆ. ಮಾತಿನ ಅರ್ಥ ಕೊಲ್ಲುವ ಸ್ವಿಚ್ಚು ಎಂದಾದರೂ ಅದು ಕೊಲ್ಲುವುದು ಇಂಜಿನನ್ನು, ಕಾಯುವುದು ಮನುಷ್ಯನನ್ನು. ಇದಕ್ಕೊಂದು ಕನ್ನಡ ಹೆಸರು ಕೊಡಿ ಎಂದು ತರಗತಿಯಲ್ಲಿ ಕೇಳಿದಾಗ ಒಬ್ಬಳು ‘ಪ್ರಾಣಸೂತ್ರ’ ಎಂದಳು, ಇನ್ನೊಬ್ಬ ‘ಉಡಿದಾರ’ ಎಂದನು. ಹಿಂದಿನ ಬೆಂಚಿನ ಹುಡುಗ ಮಾತ್ರ, “ನಾವು ಕೆಂಪು ದಾರ ಅಂತಲೇ ಹೇಳುವುದು ಸರ್” ಎಂದನು. ಬಳಸುವವರು ಇಟ್ಟ ಹೆಸರೇ ಸರಿಯಾದ ಹೆಸರು.

ಕಟ್ಟಿಕೊಳ್ಳದಿದ್ದರೆ

2013ರ ಮೇ 5ರಂದು ಇಂಗ್ಲೆಂಡಿನ ಕಾರ್ನ್‌ವಾಲ್ ಪ್ರಾಂತದ ಪ್ಯಾಡ್‌ಸ್ಟೋ ಎಂಬ ಊರಿನ ಅಳಿವೆಯಲ್ಲಿ ತಂದೆ, ತಾಯಿ, ನಾಲ್ವರು ಮಕ್ಕಳ ಒಂದು ಕುಟುಂಬ ವೇಗದ ದೋಣಿಯಲ್ಲಿ ವಿಹಾರ ಹೊರಟಿತ್ತು. ಒಂದು ತಿರುವಿನಲ್ಲಿ ಆರು ಮಂದಿಯೂ ನೀರಿಗೆ ಎಸೆಯಲ್ಪಟ್ಟರು. ಯಾರೂ ಇಲ್ಲದ ದೋಣಿ ಸುತ್ತು ಹೊಡೆಯುತ್ತ ಅವರ ಮೇಲೆಯೇ ಹಾಯಿತು. ತಂದೆಯೂ ಎಂಟು ವರ್ಷದ ಒಬ್ಬ ಮಗಳೂ ತೀರಿಕೊಂಡರು. ತಾಯಿಗೂ ಮಗನಿಗೂ ತೀವ್ರವಾದ ಗಾಯಗಳಾದವು. ಇನ್ನೊಬ್ಬರು ಸಾಹಸದಿಂದ ಆ ದೋಣಿಗೆ ಹಾರಿ ಇಂಜಿನು ನಿಲ್ಲಿಸಬೇಕಾಯಿತು. ತನಿಖೆ ನಡೆಸಿದವರು ಕಂಡುಕೊಂಡದ್ದು ಇಷ್ಟು: ದೋಣಿಯಲ್ಲಿ ದಾರವಿತ್ತು, ಆದರೆ ನಡೆಸುತ್ತಿದ್ದವರ ಮೈಗೆ ಕಟ್ಟಿರಲಿಲ್ಲ.

ಅಮೆರಿಕದಲ್ಲಿ 2021ರ ಏಪ್ರಿಲ್ 1ರಿಂದ 26 ಅಡಿಗಿಂತ ಸಣ್ಣ ಮೋಟಾರು ದೋಣಿಗಳನ್ನು ವೇಗವಾಗಿ ನಡೆಸುವವರು ಈ ದಾರವನ್ನೋ ಅಥವಾ ಅದೇ ಕೆಲಸ ಮಾಡುವ ತಂತಿಯಿಲ್ಲದ ಉಪಕರಣವನ್ನೋ ಧರಿಸಬೇಕೆಂಬ ಕಾನೂನು ಬಂದಿದೆ. ನಿಧಾನವಾಗಿ ಹೋಗುವಾಗ, ದಡಕ್ಕೆ ಕಟ್ಟುವಾಗ ವಿನಾಯಿತಿ ಇದೆ. ಅಂದಮೇಲೆ ದಾರವನ್ನು ಇಂಜಿನಿಗೇ ಸುತ್ತಿಡುವ ಅಭ್ಯಾಸ ನಮ್ಮ ಊರಿನದು ಮಾತ್ರವಲ್ಲ. ಮನುಷ್ಯಸ್ವಭಾವ ಎಲ್ಲ ಕಡಲುಗಳಲ್ಲಿಯೂ ಒಂದೇ.

ಕಡಲವರ ಮಾತು

ಪುಸ್ತಕದಲ್ಲಿ ಓದಿ ಬೋಧಿಸುವುದು ಸುಲಭ. ಕಡಲಿಗೆ ಹೋಗುವವರ ಮಾತನ್ನೂ ಕೇಳಬೇಕೆಂದು ಒಂದು ಆದಿತ್ಯವಾರ ಆ ಹುಡುಗನೊಂದಿಗೆ ಕರೆಗೆ ಹೋದೆ. ಅವನ ತಂದೆ ಮತ್ತು ಇಬ್ಬರು ಜತೆಗಾರರು ಬಲೆ ಸರಿಪಡಿಸುತ್ತ ಕುಳಿತಿದ್ದರು. “ಬನ್ನಿ ಮಾಸ್ಟ್ರೇ” ಎಂದು ಕರೆದು ಕುಳಿತುಕೊಳ್ಳಲು ಒಂದು ಮೀನಿನ ಪೆಟ್ಟಿಗೆಯನ್ನು ಕವುಚಿ ಹಾಕಿದರು. ನಾನು ಬಂದ ಕಾರಣ ಹೇಳಿದಾಗ ಹಿರಿಯರೊಬ್ಬರು ನಗುತ್ತ, “ಅವು ಬೊಡ್ಚಿ ಮಾಸ್ಟ್ರೇ” ಎಂದು ತುಳುವಿನಲ್ಲಿ ಹೇಳಿದರು. ಅದು ಬೇಡ ಎಂದರ್ಥ. ಏಕೆ ಬೇಡ ಎಂದು ಕೇಳಿದೆ. ಅವರು ಕೊಟ್ಟ ಕಾರಣಗಳು ಹುಡುಗಾಟದವಾಗಿರಲಿಲ್ಲ.

ಮೊದಲನೆಯದಾಗಿ, ಬಲೆ ಹಾಕುವಾಗ, ಎಳೆಯುವಾಗ ಇಂಜಿನು ಹಿಡಿದವನೂ ಎದ್ದು ಕೈಹಾಕಬೇಕಾಗುತ್ತದೆ. ದಾರ ಕಟ್ಟಿಕೊಂಡರೆ ಕ್ಷಣಕ್ಷಣಕ್ಕೂ ಇಂಜಿನು ನಿಲ್ಲುತ್ತದೆ. ಎರಡನೆಯದಾಗಿ, ಅಳಿವೆಯಲ್ಲಿ ತೆರೆಗಳ ನಡುವೆ ಇಂಜಿನು ನಿಂತರೆ ಅದೇ ದೊಡ್ಡ ಅಪಾಯ. ದೋಣಿ ಅಡ್ಡ ತಿರುಗಿ ತೆರೆಗೆ ಮಗುಚುತ್ತದೆ. ಮೂರನೆಯದನ್ನು ಹುಡುಗನ ತಂದೆ ಹೇಳಿದರು: “ದಾರ ಕಟ್ಟಿಕೊಂಡವನು ಕ್ಲಿಪ್ಪಿನ ಸಮೇತ ನೀರಿಗೆ ಬಿದ್ದ ಅಂತ ಇಟ್ಟುಕೊಳ್ಳಿ. ಉಳಿದವರು ಇಂಜಿನು ಮತ್ತೆ ಚಾಲು ಮಾಡುವುದು ಹೇಗೆ? ಅವನನ್ನು ಎತ್ತಲಿಕ್ಕೆ ಹೋಗುವುದು ಹೇಗೆ?”

ನಾನು ಆ ದಿನ ಸುಮ್ಮನೆ ಕೇಳಿಕೊಂಡು ಬಂದೆ. ಆಮೇಲೆ ಇಂಜಿನಿನೊಂದಿಗೆ ಬಂದ ಕೈಪುಸ್ತಕವನ್ನು ಹುಡುಗನು ಮನೆಯಿಂದ ತಂದು ಕೊಟ್ಟನು. ಅದು ಪೂರ್ತಿ ಇಂಗ್ಲಿಷಿನಲ್ಲಿತ್ತು. ಪ್ಲಾಸ್ಟಿಕ್ ಚೀಲದಿಂದ ಅದನ್ನು ಯಾರೂ ಹೊರತೆಗೆದಂತಿರಲಿಲ್ಲ. ಕನ್ನಡ ಮಾಸ್ತರನು ಇಂಜಿನಿನ ವಿಷಯ ಬರೆಯುವುದೇಕೆ ಎಂದು ಕೇಳುವವರಿಗೆ ಇದೇ ನನ್ನ ಉತ್ತರ. ಪ್ರಾಣ ಉಳಿಸುವ ಮಾತು ಓದಲು ಬಾರದ ಭಾಷೆಯಲ್ಲಿ ಚೀಲದೊಳಗೆ ಉಳಿಯಬಾರದು.

ಮೂರು ಕಾರಣಗಳಿಗೂ ಸಮಾಧಾನವಿದೆ. ಬಲೆಯ ಕೆಲಸ ನಡೆಯುವಾಗ ಇಂಜಿನು ನಿಂತಿದ್ದರೆ ಅಥವಾ ಗೇರು ಬಿಡಿಸಿದ್ದರೆ ದಾರವನ್ನು ಕಳಚಬಹುದು. ವೇಗವಾಗಿ ಹೋಗುವಾಗ ಮತ್ತು ಬರುವಾಗ ಕಟ್ಟಿಕೊಂಡರಾಯಿತು. ಅಳಿವೆ ದಾಟುವಾಗ ಇಂಜಿನು ಹಿಡಿದವನು ಎದ್ದು ಹೋಗುವ ಸಂದರ್ಭವೇ ಇರಬಾರದು. ಅವನು ಕುಳಿತಲ್ಲಿಯೇ ಇರುವಷ್ಟು ಹೊತ್ತು ದಾರ ತಾನಾಗಿ ಕಳಚುವುದಿಲ್ಲ. ಆದರೆ ಅದು ಹಿಡಿಕೆಗೋ ಬಲೆಗೋ ಸಿಕ್ಕಿಕೊಳ್ಳದಂತೆ ನೋಡಿಕೊಳ್ಳಬೇಕು. ಅಳಿವೆಯ ತೆರೆಯೇ ಮನುಷ್ಯನನ್ನು ಎತ್ತಿ ಎಸೆಯುವ ಜಾಗ ಎಂಬುದನ್ನೂ ಮರೆಯಬಾರದು.

ಮೂರನೆಯ ಪ್ರಶ್ನೆಗೆ ಉತ್ತರ ಇನ್ನೂ ಸುಲಭ. ದೋಣಿಯಲ್ಲಿ ಇನ್ನೊಂದು ಕ್ಲಿಪ್ಪು ಇರಬೇಕು. ಅದನ್ನು ಎಲ್ಲರಿಗೂ ಗೊತ್ತಿರುವ ಒಂದೇ ಜಾಗದಲ್ಲಿ ಕಟ್ಟಿಡಬೇಕು. ಒಬ್ಬನು ಬಿದ್ದರೆ ಉಳಿದವರು ಮೊದಲು ಅವನು ಎಲ್ಲಿದ್ದಾನೆಂದು ನೋಡಿ, ಆ ಕ್ಲಿಪ್ಪನ್ನು ಸಿಕ್ಕಿಸಿ, ಇಂಜಿನು ಚಾಲು ಮಾಡಿ ನಿಧಾನವಾಗಿ ಹತ್ತಿರ ಹೋಗಬೇಕು. ಹತ್ತಿರವಾದೊಡನೆ ಪುನಃ ಇಂಜಿನು ನಿಲ್ಲಿಸಿ ಅವನನ್ನು ಎತ್ತಬೇಕು. ಒಂಟಿಯಾಗಿ ಕಡಲಿಗೆ ಹೋಗುವವನಿಗಂತೂ ಈ ದಾರ ಬಿಟ್ಟರೆ ಗತಿಯಿಲ್ಲ. ದಾರವಿಲ್ಲದೆ ಬಿದ್ದರೆ ದೋಣಿ ಅವನ ಮೇಲೆ ಬರಬಹುದು, ಇಲ್ಲವೇ ಅವನನ್ನು ನಡುನೀರಿನಲ್ಲಿ ಬಿಟ್ಟು ಹೊರಟುಹೋಗಬಹುದು.

ಇದೇ ಜಾತಿಯ ಇತರ ಉಪಾಯಗಳು

ಕೆಂಪು ದಾರದ ಬಂಧುಗಳು ನಮ್ಮ ಸುತ್ತಮುತ್ತ ಹಲವಿದ್ದಾರೆ. ಉಪ್ಪಳದ ಎಷ್ಟೋ ಮನೆಗಳವರು ಮುಂಬಯಿಯಲ್ಲಿದ್ದಾರೆ. ಅಲ್ಲಿನ ಲೋಕಲ್ ರೈಲಿನ ಚಾಲಕನು ವೇಗದ ಹಿಡಿಕೆಯನ್ನು ಒತ್ತಿ ಹಿಡಿದಿರಬೇಕು. ಎಚ್ಚರ ತಪ್ಪಿ ಅವನ ಕೈ ಸಡಿಲವಾದರೆ ರೈಲಿಗೆ ಬ್ರೇಕು ಬೀಳುತ್ತದೆ. ನಮ್ಮ ಸ್ಟೇಶನಿನ ಮೂಲಕ ಹಾಯುವ ದೂರದ ರೈಲುಗಳ ಇಂಜಿನುಗಳಲ್ಲಿ ಚಾಲಕನು ನಿರ್ದಿಷ್ಟ ಹೊತ್ತು ಯಾವ ಹಿಡಿಕೆಯನ್ನೂ ಮುಟ್ಟದೆ ಇದ್ದರೆ ಎಚ್ಚರಿಕೆಯ ದೀಪ ಹೊತ್ತಿಕೊಳ್ಳುತ್ತದೆ. ಅದಕ್ಕೂ ಉತ್ತರ ಬಾರದಿದ್ದರೆ ರೈಲು ನಿಲ್ಲುತ್ತದೆ. ವ್ಯಾಯಾಮಶಾಲೆಗಳ ಓಡುವ ಪಟ್ಟಿಯ ಯಂತ್ರಕ್ಕೆ ಅಂಗಿಗೆ ಸಿಕ್ಕಿಸುವ ದಾರವಿದೆ. ಸಮುದ್ರ ತೀರದ ವಿಹಾರಸ್ಥಳಗಳಲ್ಲಿ ಪ್ರವಾಸಿಗಳಿಗೆ ಬಾಡಿಗೆಗೆ ಕೊಡುವ ನೀರಿನ ಸ್ಕೂಟರಿಗೆ ಮಣಿಕಟ್ಟಿನ ದಾರವಿದೆ. ಮೋಟಾರುಸೈಕಲಿನ ಬಲಹಿಡಿಕೆಯಲ್ಲಿರುವ ಕೆಂಪು ಗುಂಡಿಯೂ ಇಂಜಿನು ನಿಲ್ಲಿಸುವುದೇ. ಆದರೆ ಅದನ್ನು ಒತ್ತಲು ಕೈ ಹಿಡಿಕೆಯಲ್ಲಿರಬೇಕು. ವ್ಯತ್ಯಾಸವನ್ನು ಗಮನಿಸಿ. ಒತ್ತುವ ಗುಂಡಿ ಎಚ್ಚರವಿದ್ದವನಿಗೆ; ಕಟ್ಟಿದ ದಾರ ಎಚ್ಚರ ತಪ್ಪಿದವನಿಗೂ.

ದೊಡ್ಡ ಬೋಟುಗಳ ಒಳಗೆ ಇರುವ ಡೀಸೆಲ್ ಇಂಜಿನಿಗೆ ಕಿಡಿಯೇ ಬೇಡ. ಅದನ್ನು ನಿಲ್ಲಿಸಬೇಕಾದರೆ ಎಣ್ಣೆಯನ್ನು ತಡೆಯಬೇಕು. ಅಲ್ಲಿ ನಡೆಸುವವನು ಕೋಣೆಯೊಳಗೆ ಇರುವುದರಿಂದ ಬೀಳುವ ಸಂಭವವೂ ಕಡಿಮೆ. ದಾರದ ಅಗತ್ಯ ಹೆಚ್ಚಾಗಿರುವುದು ಸಣ್ಣ ದೋಣಿಗೇ, ಅಂದರೆ ನಮ್ಮ ಮನೆಗಳ ದೋಣಿಗೇ.

ನೆನಪಿಡಬೇಕಾದ ಮಾತುಗಳು

1. ದಾರವನ್ನು ಮೊದಲು ಮೈಗೆ ಕಟ್ಟಿಕೊಂಡು ಆಮೇಲೆ ಇಂಜಿನು ಚಾಲು ಮಾಡಬೇಕು. ತೊಡೆಗೆ ಸುತ್ತಬಹುದು, ಅಥವಾ ಜೀವರಕ್ಷಕ ಅಂಗಿಯ ಗಟ್ಟಿಯಾದ ಭಾಗಕ್ಕೆ ಸಿಕ್ಕಿಸಬಹುದು. ಅಂಗಿಯ ಗುಂಡಿಗೋ ಕಿಸೆಗೋ ಸಿಕ್ಕಿಸಿದರೆ ಬಟ್ಟೆ ಹರಿಯುತ್ತದೆಯೇ ಹೊರತು ಕ್ಲಿಪ್ಪು ಕಳಚುವುದಿಲ್ಲ.

2. ಹೊರಡುವ ಮೊದಲು ದಿನವೂ ಒಮ್ಮೆ ದಾರ ಎಳೆದು ಇಂಜಿನು ನಿಲ್ಲುತ್ತದೆಯೇ ಎಂದು ನೋಡಬೇಕು. ಉಪ್ಪುನೀರು ಸ್ವಿಚ್ಚಿನ ಸ್ಪ್ರಿಂಗನ್ನೂ ತಂತಿಯನ್ನೂ ತಿನ್ನುತ್ತದೆ. ಈ ಸ್ವಿಚ್ಚಿನ ತಂತಿ ತುಂಡಾಗಿದ್ದರೂ ಇಂಜಿನು ಎಂದಿನಂತೆ ಓಡುತ್ತದೆ. ಪರೀಕ್ಷಿಸದೆ ಅದರ ದೋಷ ತಿಳಿಯುವುದಿಲ್ಲ.

3. ಕ್ಲಿಪ್ಪು ಕಳೆದುಹೋದರೆ ಅದರ ಜಾಗಕ್ಕೆ ಬಲೆಯ ನೂಲನ್ನು ಸುತ್ತಿ ಕೆಲಸ ಸಾಗಿಸಬಾರದು. ಬಿಸಿಲಿಗೆ ಸುಕ್ಕಾಗಿ ಬಿರುಕು ಬಿಟ್ಟ ದಾರವನ್ನು ಬದಲಾಯಿಸಬೇಕು.

4. ಇನ್ನೊಂದು ಕ್ಲಿಪ್ಪು ದೋಣಿಯಲ್ಲಿರಬೇಕು; ಎಲ್ಲರಿಗೂ ಅದರ ಜಾಗ ತಿಳಿದಿರಬೇಕು.

5. ದಾರ ಫ್ಯಾನಿನಿಂದ ಕಾಪಾಡುತ್ತದೆ, ಮುಳುಗದಂತೆ ಕಾಪಾಡುವುದಿಲ್ಲ. ಅದಕ್ಕೆ ಜೀವರಕ್ಷಕ ಅಂಗಿ ಬೇಕು. ಒಂದು ಇದ್ದರೆ ಇನ್ನೊಂದು ಬೇಡ ಎನ್ನುವಂತಿಲ್ಲ.

ತಾಯಂದಿರೇ, ತಂದೆಯಂದಿರೇ, ನಮ್ಮ ಮನೆಗಳಲ್ಲಿ ಮಗು ಹುಟ್ಟಿದೊಡನೆ ಸೊಂಟಕ್ಕೆ ನೂಲು ಕಟ್ಟುವ ರೂಢಿಯಿದೆ. ಅದು ಮಗುವನ್ನು ಹೇಗೆ ಕಾಯುತ್ತದೆಂದು ನಾವು ಕೇಳುವುದಿಲ್ಲ, ಹಿರಿಯರು ಹೇಳಿದ್ದಾರೆಂದು ಕಟ್ಟುತ್ತೇವೆ. ಈ ಕೆಂಪು ದಾರವಾದರೋ ಹೇಗೆ ಕಾಯುತ್ತದೆಂಬುದನ್ನು ಎಂಟನೆಯ ತರಗತಿಯ ಮಕ್ಕಳೂ ವಿವರಿಸಬಲ್ಲರು. ಅದನ್ನು ಕಟ್ಟಿಕೊಳ್ಳಲು ನಾಚಿಕೆ ಬೇಡ. ಮೂವತ್ತು ವರ್ಷ ಕಡಲಿಗೆ ಹೋದವರಿಗೆ ದಾರವೇಕೆ ಎನ್ನಬೇಡಿ. ತೆರೆಗೆ ಅನುಭವಿಯೂ ಒಂದೇ, ಹೊಸಬನೂ ಒಂದೇ.

ವಿದ್ಯಾರ್ಥಿಗಳೇ, ನಿಮಗೆ ಒಂದು ಮನೆಗೆಲಸ. ನಿಮ್ಮ ಮನೆಯಲ್ಲಿ ದೋಣಿಯಿದ್ದರೆ ಆ ದಾರ ಎಲ್ಲಿದೆ, ಕ್ಲಿಪ್ಪು ಎಷ್ಟಿವೆ ಎಂದು ನೋಡಿ ಬನ್ನಿ. ದೋಣಿಯಿಲ್ಲದವರು ಈ ಲೇಖನವನ್ನು ಇರುವವರ ಮನೆಯಲ್ಲಿ ಓದಿ ಹೇಳಿ.

ಆ ಹುಡುಗನನ್ನು ಅರ್ಧವಾರ್ಷಿಕ ಪರೀಕ್ಷೆಯ ಬಳಿಕ ಒಮ್ಮೆ ಕೇಳಿದೆ, “ತಂದೆ ಈಗ ದಾರ ಕಟ್ಟಿಕೊಳ್ಳುತ್ತಾರೆಯೇ?” ಎಂದು. ಅವನು ಸ್ವಲ್ಪ ಯೋಚಿಸಿ, “ಹೋಗುವಾಗ ಕಟ್ಟುತ್ತಾರೆ ಸರ್. ಬರುವಾಗ ಕೆಲವು ಸಲ ಮರೆಯುತ್ತಾರಂತೆ” ಎಂದನು. ನಾನು ಸುಮ್ಮನಿದ್ದೆ. ಅವನೇ ಮುಂದುವರಿಸಿ ಹೇಳಿದನು: “ರಜೆಯಲ್ಲಿ ನಾನು ಜತೆಗೆ ಹೋದಾಗ ನೆನಪು ಮಾಡಿದೆ. ಬೈದರು. ಆದರೆ ಕಟ್ಟಿದರು.”